ಮೊದಲು ಆರೋಗ್ಯವಂತರದು

ಸಂಸ್ಥೆಯ ನೆಲಮಾಳಿಗೆಯಲ್ಲಿ ಕೆಲಸ ಮಾಡುವವರು ಹೊರಗೆ ಬಿಸಿಲೋ ಮೋಡವೋ ಎಂಬುದನ್ನು ಮೇಲಿನಿಂದ ಇಳಿದು ಬಂದವರ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಅಲ್ಲಿ ಇಟ್ಟಿದ್ದಕ್ಕೆ ಕಾರಣವಿತ್ತು. ಪಕ್ಕದ ರಸ್ತೆಯಲ್ಲಿ ಲಾರಿ ಹೋದರೂ ಸಾಕು, ಮೇಲೆ ಯಾರಾದರೂ ಕುರ್ಚಿ ಎಳೆದರೂ ಸಾಕು, ಚಿತ್ರ ನಡುಗುತ್ತಿತ್ತು. ಹಾಗಾಗಿ ಆ ಒಂದು ಕೋಣೆಯ ನೆಲವನ್ನು ಉಳಿದ ಕಟ್ಟಡದಿಂದ ಬಿಡಿಸಿ, ಬೇರೆ ಅಡಿಪಾಯದ ಮೇಲೆ ಕೂರಿಸಿದ್ದರು. ಒಳಗೆ ಮೊಬೈಲ್ ತರುವಂತಿಲ್ಲ, ಚಿತ್ರ ತೆಗೆಯುವಾಗ ದೀಪ ಹಚ್ಚುವಂತಿಲ್ಲ, ಮಾತಾಡುವಂತಿಲ್ಲ.

ಈ ಕೋಣೆಯ ಉಸ್ತುವಾರಿ ಅಕ್ಕನದು. ಹಗಲೆಲ್ಲ ಕತ್ತಲಲ್ಲೇ ಕೂರುವವಳೆಂದು ವಿದ್ಯಾರ್ಥಿಗಳು ಅವಳಿಗೆ ಕತ್ತಲಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೆ ಬರೀ ಅಕ್ಕ. ಅವಳೂ ಒಂದು ಕಾಲಕ್ಕೆ ಡಾಕ್ಟರೇಟ್ ಪಡೆದು, ಸ್ವಂತದ್ದೇನಾದರೂ ಕಂಡುಹಿಡಿಯುತ್ತೇನೆಂದು ಬಂದವಳೇ. ಆಮೇಲೆ ಬೇರೆಯವರು ಕಂಡುಹಿಡಿಯಲು ಯಂತ್ರ ನಡೆಸಿಕೊಡುವುದೇ ಕೆಲಸವಾಯಿತು. ಅದರ ಬಗ್ಗೆ ಅವಳಿಗೆ ದುಃಖವಿರಲಿಲ್ಲ, ದಣಿವಿತ್ತು. ಈಚೆಗೆ ಆ ದಣಿವು ನಿದ್ದೆ ಮಾಡಿದರೂ ಹೋಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಚುಕ್ಕಿ ಬಾಗಿಲಲ್ಲಿ ನಿಂತಳು. ಚುಕ್ಕಿ ಸಂಶೋಧನಾ ವಿದ್ಯಾರ್ಥಿನಿ. ಸ್ನಾಯುಗಳು ಬಲು ಬೇಗ ಸೋಲುವ ಒಂದು ಕಾಯಿಲೆ ಅವಳ ವಿಷಯ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಕಟ್ಟಿ ಕೂತುಬಿಡುವವರು, ಬಾಚಣಿಗೆ ಹಿಡಿದ ಕೈ ತಲೆಯವರೆಗೆ ಏರದವರು ತಮ್ಮ ತೊಡೆಯ ಸ್ನಾಯುವಿನ ಸಣ್ಣ ಚೂರು ಕೊಟ್ಟಿದ್ದರು. ಹೋಲಿಸಿ ನೋಡಲು ಆರೋಗ್ಯವಂತರೂ ಕೊಟ್ಟಿದ್ದರು. ರೋಗಿಗಳ ಸ್ನಾಯುವಿನಲ್ಲಿ ಮಾತ್ರ, ಅದರ ಪಟ್ಟೆಗಳ ಗುಂಟ, ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿ ಕೂತಿರುವುದನ್ನು ಈ ಹುಡುಗಿ ಕಂಡುಹಿಡಿದಿದ್ದಳು. ಅಂದಿನಿಂದ ಅವಳ ಹೆಸರು ಚುಕ್ಕಿ. ಆ ಚುಕ್ಕೆಗಳ ಕುರಿತ ಲೇಖನ ಈ ಶುಕ್ರವಾರ ವಿಜ್ಞಾನ ಪತ್ರಿಕೆಗೆ ಹೋಗಬೇಕು. ಲೇಖನ ಹೋದರೆ ಪ್ರಬಂಧ ಮುಗಿದ ಹಾಗೆ, ಸಂಸ್ಥೆಯಲ್ಲೇ ಕೆಲಸವೂ ಸಿಕ್ಕ ಹಾಗೆ. ಹೋಗದಿದ್ದರೆ ಅವಳ ಅವಧಿ ಮುಗಿಯುತ್ತದೆ, ಗಂಟುಮೂಟೆ ಕಟ್ಟಬೇಕು.

"ಅಕ್ಕಾ, ಒಂದೇ ಒಂದು ಚಿತ್ರ," ಎಂದಳು ಚುಕ್ಕಿ. "ಸ್ಯಾಂಪಲ್ ಓರೆ ಮಾಡ್ತಾ ಮಾಡ್ತಾ ತೆಗೀತಾರಲ್ಲ, ಅದು. ಚುಕ್ಕೆ ಎಷ್ಟು ಆಳದಲ್ಲಿದೆ ಅಂತ ತೋರಿಸಿಬಿಟ್ರೆ ಪತ್ರಿಕೆಯವರ ಬಾಯಿ ಮುಚ್ಚುತ್ತೆ."

"ನಮ್ಮನೇಲಿರೋ ಎರಡು ಬಾಯಿ ಮುಚ್ಚಿಸಕ್ಕೇ ನನ್ನ ಕೈಲಾಗಿಲ್ಲ. ಕಂಡೋರ ಬಾಯಿ ಎಲ್ಲಿ ಮುಚ್ಚಿಸ್ಲಿ?"

"ಇವತ್ತೂ ಫೋನ್ ಬಂತಾ?"

"ಅದು ಮಧ್ಯಾಹ್ನದ ಪ್ರೋಗ್ರಾಮು. ಇನ್ನೂ ಹೊತ್ತಿದೆ. ಕೊಡು ಇಲ್ಲಿ. ನೀನು ಮೀಟಿಂಗ್ ಮುಗಿಸ್ಕೊಂಡು ಬಾ, ಇಲ್ಲಿ ನಿಂತು ಕಾಲು ಕುಣಿಸಬೇಡ. ನೀನು ಕುಣಿಸಿದ್ರೆ ಅದೂ ಕುಣಿಯತ್ತೆ."

ಸಾಸಿವೆಗಿಂತ ಚೂರು ದೊಡ್ಡದಾದ ತಾಮ್ರದ ಜಾಲರಿ, ಅದರ ಮೇಲೆ ವಜ್ರದ ಚಾಕುವಿನಿಂದ ಹೆರೆದ ಸ್ನಾಯುವಿನ ಪದರ. ಇಂಥ ಓರೆ ಚಿತ್ರಕ್ಕೆಂದು ಚುಕ್ಕಿ ಪದರವನ್ನು ಎಂದಿಗಿಂತ ಸ್ವಲ್ಪ ದಪ್ಪ ಹೆರೆದಿದ್ದಳು. ದಪ್ಪ ಎಂದರೂ ತಲೆಗೂದಲಿನ ಪಕ್ಕ ಇಟ್ಟರೆ ಲೆಕ್ಕಕ್ಕೇ ಬಾರದು. ಅಕ್ಕ ಅದನ್ನು ಯಂತ್ರದೊಳಗೆ ಸೇರಿಸಿ, ಗಾಳಿಯೆಲ್ಲ ಹೊರಹೋಗುವವರೆಗೆ ಕಾದು, ದೀಪ ಆರಿಸಿದಳು. ಪರದೆಯ ಮೇಲೆ ಸ್ನಾಯುವಿನ ಪಟ್ಟೆಗಳು ಮೂಡಿದವು. ಪಟ್ಟೆಗಳ ಗುಂಟ ಚುಕ್ಕೆಗಳು. ನೋಡಲು ಚೆನ್ನಾಗಿಯೇ ಇದ್ದವು, ಯಾರೋ ಕೂತು ಪೋಣಿಸಿದ ಹಾಗೆ.

ಅವಳು ಪದರವನ್ನು ನಿಧಾನವಾಗಿ ಓರೆ ಮಾಡತೊಡಗಿದಳು.

ಬಸ್ಸಿನ ಕಿಟಕಿಯಿಂದ ನೋಡಿದರೆ ಹತ್ತಿರದ ಕಂಬ ಸರ್ರನೆ ಓಡುತ್ತದೆ, ನಡುವಿನ ಮರ ನಿಧಾನ ಸರಿಯುತ್ತದೆ, ದೂರದ ಗುಡ್ಡ ಕದಲುವುದಿಲ್ಲ. ಇಲ್ಲಿಯೂ ಹಾಗೆಯೇ. ಬೇರೆ ಬೇರೆ ಆಳದಲ್ಲಿರುವ ವಸ್ತುಗಳು ಓರೆ ಮಾಡಿದಾಗ ಬೇರೆ ಬೇರೆ ವೇಗದಲ್ಲಿ ಸರಿಯಬೇಕು. ಸ್ನಾಯುವಿನ ಎಳೆಗಳು ಹಾಗೆಯೇ ಸರಿದವು. ಚುಕ್ಕೆಗಳು ಮಾತ್ರ ಎಲ್ಲವೂ ಒಟ್ಟಿಗೆ ಒಂದೇ ಕಡೆಗೆ ಜಾರಿದವು, ಬಸ್ಸಿನ ಕಿಟಕಿಯ ಗಾಜಿಗೆ ಅಂಟಿದ ಧೂಳಿನಂತೆ.

ಅಕ್ಕ ಮತ್ತೆ ನೇರ ಮಾಡಿ, ಇನ್ನೊಂದು ಬದಿಗೆ ಓರೆ ಮಾಡಿದಳು. ಜಾಗ ಬದಲಿಸಿದಳು. ಮೂಲೆಯಲ್ಲಿ ಸ್ನಾಯುವೇ ಇಲ್ಲದ, ಹೆರೆಯುವ ಮುನ್ನ ಅದನ್ನು ಹುದುಗಿಸಿಟ್ಟಿದ್ದ ಅಂಟು ಮಾತ್ರ ಇದ್ದ ಕಡೆ ಹುಡುಕಿದಳು. ಅಲ್ಲಿಯೂ ನಾಲ್ಕಾರು ಚುಕ್ಕೆಗಳಿದ್ದವು. ಸ್ನಾಯುವೇ ಇಲ್ಲದಲ್ಲಿ ಸ್ನಾಯುವಿನ ರೋಗ ಎಲ್ಲಿಂದ ಬರಬೇಕು? ಚುಕ್ಕೆಗಳು ಜೀವಕೋಶದ ಒಳಗೆ ಇರಲಿಲ್ಲ. ಮೇಲೆ ಬಿದ್ದು ಅಂಟಿಕೊಂಡಿದ್ದವು.

ಚುಕ್ಕಿ ವಾಪಸು ಬಂದು, "ಹೇಗೆ ಬಂತಕ್ಕಾ?" ಎಂದಾಗ ಅಕ್ಕ ಪರದೆ ಆರಿಸಿಬಿಟ್ಟಿದ್ದಳು.

"ಯಂತ್ರ ಯಾಕೋ ಸರಿಯಾಗಿ ಕೂತಿಲ್ಲ ಇವತ್ತು. ನಾಳೆ ನೋಡೋಣ."

"ಯಂತ್ರಾನೋ ನೀವೋ?"

"ಇಬ್ಬರಿಗೂ ವಯಸ್ಸಾಯ್ತು. ಹೋಗು."

ಅದು ಸುಳ್ಳು. ಆ ಕೋಣೆಯಲ್ಲಿ ಅವಳು ಹೇಳಿದ ಸುಳ್ಳುಗಳು ಬಹಳ ಇರಲಿಲ್ಲ.

ಚುಕ್ಕೆ ಎಂಥದೆಂದು ಅವಳಿಗೆ ಗೊತ್ತಾಗಿತ್ತು. ಇಂಥ ಪದರಗಳಿಗೆ ಬಣ್ಣ ಹಿಡಿಸುವುದು ಅವಳದೇ ಕೆಲಸ. ಬಣ್ಣ ಎಂದರೆ ಬಣ್ಣವಲ್ಲ, ಸೀಸದ ದ್ರಾವಣ. ಸೀಸ ಹಿಡಿದ ಭಾಗ ಯಂತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ಹಿಡಿಯದ ಭಾಗ ಬೆಳ್ಳಗೆ. ಮುಚ್ಚಳವಿರುವ ಗಾಜಿನ ತಟ್ಟೆಯಲ್ಲಿ ಸೀಸದ ಹನಿ ಇಟ್ಟು, ಅದರ ಮೇಲೆ ಜಾಲರಿಯನ್ನು ಬೋರಲು ತೇಲಿಬಿಡಬೇಕು. ಆದರೆ ಆ ಹನಿಗೆ ಒಂದು ಶತ್ರುವಿದೆ, ಅದು ಮನುಷ್ಯರು ಹೊರಗೆ ಬಿಡುವ ಉಸಿರು. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ತಗುಲಿದರೆ ಸೀಸ ಒಡೆದು ಕಣಕಣವಾಗಿ ಕೆಳಗಿಳಿಯುತ್ತದೆ. ಅದಕ್ಕೇ ತಟ್ಟೆಯಲ್ಲಿ ಹನಿಯ ಸುತ್ತ ಕಾಸ್ಟಿಕ್ ಸೋಡಾದ ಬಿಳಿ ಗುಳಿಗೆಗಳನ್ನು ಇಡುತ್ತಾರೆ. ಅವು ಆ ಗಾಳಿಯನ್ನು ಹೀರಿಕೊಳ್ಳುತ್ತವೆ. ಈ ಕೆಲಸ ಕಲಿಯುವವರಿಗೆ ಮೊದಲ ದಿನವೇ ಹೇಳುವ ಮಾತು: ಹನಿಯ ಮೇಲೆ ಉಸಿರು ಬಿಡಬೇಡ. ಚುಕ್ಕಿಗೆ ಹೇಳಿದವಳೂ ಅಕ್ಕನೇ.

ಹಾಗಿದ್ದರೆ ಮೊದಲೇ ಏಕೆ ಅನುಮಾನ ಬರಲಿಲ್ಲ? ಬಂದಿತ್ತು. ಸಂಸ್ಥೆಯ ನಿರ್ದೇಶಕರಿಗೂ ಬಂದಿತ್ತು. "ಇದು ಕೊಳೆ ಅಲ್ವಷ್ಟೆ?" ಎಂದು ಅವರು ಕೇಳಿದ್ದರು. "ಕೊಳೆಯಾದ್ರೆ ಆರೋಗ್ಯವಂತರದ್ರಲ್ಲೂ ಇರಬೇಕಿತ್ತಲ್ಲ ಸಾರ್," ಎಂದಿದ್ದಳು ಅಕ್ಕ. ಅದೇ ದ್ರಾವಣ, ಅದೇ ತಟ್ಟೆ, ಅದೇ ಕೈ, ಅದೇ ದಿನ. ಒಂದರಲ್ಲಿ ಚುಕ್ಕೆ, ಇನ್ನೊಂದರಲ್ಲಿ ಇಲ್ಲ. ಇದಕ್ಕಿಂತ ಗಟ್ಟಿ ಉತ್ತರ ಯಾರಿಗೂ ಬೇಕಿರಲಿಲ್ಲ. ಇಷ್ಟಕ್ಕೂ ಎಲ್ಲರಿಗೂ ಚುಕ್ಕೆ ಬೇಕಾಗಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅದೇ ದಿನ, ಸರಿ. ಅದೇ ಹೊತ್ತೇ? ಈ ಪ್ರಶ್ನೆ ಇಟ್ಟುಕೊಂಡು ಅವಳು ಮನೆಗೆ ಹೊರಟಳು.

ಮನೆಯಲ್ಲಿ ಎರಡು ಬಾಯಿ ಎಂದಳಲ್ಲ, ಒಂದು ಗಂಡನದು, ಇನ್ನೊಂದು ಅಣ್ಣನದು. ಗಂಡ ನಿವೃತ್ತ ರೈಲ್ವೆ ಗಾರ್ಡ್. ಅಣ್ಣ ನಿವೃತ್ತ ಗಣಿತದ ಮೇಷ್ಟ್ರು. ಸೊಂಟದ ಕೀಲಿನ ಆಪರೇಷನ್ ಮಾಡಿಸಿಕೊಂಡು, ನಡೆದಾಡುವಂತಾಗುವವರೆಗೆ ಎಂದು ತಂಗಿಯ ಮನೆಗೆ ಬಂದವನು. ಈಗ ಚೆನ್ನಾಗಿ ನಡೆದಾಡುತ್ತಿದ್ದ, ಬಾಗಿಲ ಕಡೆಗೆ ಮಾತ್ರ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಅಷ್ಟೇ ಗೌರವದಿಂದ ದಿನವಿಡೀ ಕಚ್ಚಾಡುತ್ತಿದ್ದರು. ಜಗಳಕ್ಕೆ ವಿಷಯ ಒಂದೇ, ಮುಂದಿನ ಕೋಣೆಯ ಕಿಟಕಿ. ಗಂಡನಿಗೆ ಅದು ತೆಗೆದಿರಬೇಕು, ಅಣ್ಣನಿಗೆ ಮುಚ್ಚಿರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಮಧ್ಯಾಹ್ನ ಊಟವಾಗುತ್ತಿದ್ದ ಹಾಗೆ ಇಬ್ಬರಲ್ಲಿ ಒಬ್ಬರು ತೀರ್ಪಿಗಾಗಿ ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಅವಳು ನೆಲಮಾಳಿಗೆಯ ಓಣಿಯಲ್ಲಿ ಗೋಡೆಗೊರಗಿ ಇಬ್ಬರ ವಾದವನ್ನೂ ಕೇಳಿ, ತೀರ್ಪು ಕೊಟ್ಟು, ಕೆಲಸಕ್ಕೆ ಮರಳುತ್ತಿದ್ದಳು.

ಅವಳು ಚಪ್ಪಲಿ ಬಿಡುವ ಹೊತ್ತಿಗೇ ಕಲಾಪ ಶುರುವಾಗಿತ್ತು.

"ನೋಡೇ, ಕಿಟಕಿ ತೆಗೆದ್ರೆ ನಿಮ್ಮಣ್ಣನಿಗೆ ನೆಗಡಿಯಂತೆ," ಎಂದ ಗಂಡ. "ಜೀವಮಾನವೆಲ್ಲ ರೈಲಲ್ಲಿ ಗಾಳಿಗೆ ಎದೆ ಕೊಟ್ಟು ನಿಂತಿದ್ದೋನು ನಾನು. ಒಂದು ಸೀನು ಬಂದಿಲ್ಲ."

"ಭಾವ, ನೀವು ನಿಂತಿದ್ದು ಕೊನೇ ಡಬ್ಬೀಲಿ. ಗಾಳಿಯೆಲ್ಲ ಮುಂದಿನೋರೇ ಕುಡಿದಿರ್ತಾರೆ."

"ಪಾಪ ಆ ಮಕ್ಕಳು! ಇದೇ ಲೆಕ್ಕ ತಾನೆ ಅವಕ್ಕೂ ಕಲಿಸಿದ್ದು?"

"ಪುಟ್ಟಿ, ಕೇಳಿದ್ಯಾ? ನಿನ್ನ ಯಜಮಾನರು ನನ್ನ ಮೇಷ್ಟ್ರಿಕೆಗೆ ಕೈ ಹಾಕ್ತಿದಾರೆ."

ಅಕ್ಕ ಚೀಲ ಇಳಿಸಿ, ಕುರ್ಚಿಯ ಮೇಲೆ ಕೂತು, ಉದ್ದನೆಯ ಒಂದು ಉಸಿರು ಬಿಟ್ಟಳು.

"ಅದೋ, ಎದ್ದಿತು ಬಿರುಗಾಳಿ," ಎಂದ ಗಂಡ. "ಭಾವ, ಇನ್ನು ಕಿಟಕಿ ಬೇಕಾದ್ರೆ ಮುಚ್ಚಿಕೊಳ್ಳಿ. ಇವಳು ಒಂದು ನಿಟ್ಟುಸಿರು ಬಿಟ್ರೆ ಪರದೆ ಅಲ್ಲಾಡತ್ತೆ."

"ಸಣ್ಣೋಳಿದ್ದಾಗ್ಲೂ ಹಾಗೇ," ಅಣ್ಣ ಥಟ್ಟನೆ ಅವನ ಪಕ್ಷ ಸೇರಿದ. "ಚಿಮಣಿ ದೀಪದ ಮುಂದೆ ಲೆಕ್ಕ ಮಾಡಕ್ಕೆ ಕೂರಿಸಿದ್ರೆ ಇವಳ ಉಸಿರಿಗೆ ದೀಪವೇ ಆರಿಹೋಗೋದು. ಅಮ್ಮ ಬೈಯೋಳು, ಲೆಕ್ಕ ಬರದಿದ್ರೆ ಬೇಡ, ಎಣ್ಣೆ ಖರ್ಚು ಮಾಡಬೇಡ ಅಂತ."

ಇಬ್ಬರೂ ನಕ್ಕರು. ಅಕ್ಕ ನಗಲಿಲ್ಲ. ಅವಳು ತನ್ನ ಉಸಿರನ್ನೇ ಗಮನಿಸುತ್ತ ಕೂತಳು.

ಸಂಸ್ಥೆಯಲ್ಲಿ ಒಂದು ಕ್ರಮವಿತ್ತು. ಯಾರು ಹಾಕಿದ್ದೆಂದು ಯಾರೂ ಕೇಳದಷ್ಟು ಹಳೆಯ ಕ್ರಮ: ಮೊದಲು ಆರೋಗ್ಯವಂತರದು, ಆಮೇಲೆ ರೋಗಿಗಳದು. ಕಡಿಮೆ ಕೊಳೆಯ ಪಾತ್ರೆಯನ್ನು ಮೊದಲು ತೊಳೆಯುವ ಹಾಗೆ. ರೋಗಿಯ ಚೂರು ತಪ್ಪಿಯೂ ಆರೋಗ್ಯವಂತರ ಚೂರಿಗೆ ತಾಗಬಾರದು ಎಂಬ ಎಚ್ಚರ. ಒಳ್ಳೆಯ ಕ್ರಮವೇ. ಅದರಂತೆ ಅವಳು ಬೆಳಿಗ್ಗೆ ಹೊಸ ಗುಳಿಗೆಗಳನ್ನಿಟ್ಟು ಆರೋಗ್ಯವಂತರ ಜಾಲರಿಗಳಿಗೆ ಬಣ್ಣ ಹಿಡಿಸುತ್ತಿದ್ದಳು. ಅಷ್ಟರಲ್ಲಿ ಊಟದ ಹೊತ್ತು. ಆಮೇಲೆ ಫೋನು. ಆಮೇಲೆ ರೋಗಿಗಳದು. ಅಷ್ಟೊತ್ತಿಗೆ ಬೆಳಗಿನ ಗುಳಿಗೆಗಳು ಬೆವೆತು, ಅಂಚು ಕರಗಿ, ಸೋತಿರುತ್ತಿದ್ದವು. ಮುಚ್ಚಳ ತೆಗೆದು, ಮೂಗು ಹನಿಯ ಹತ್ತಿರ ತಂದು, ಜಾಲರಿ ಇಳಿಸುವಾಗ ಅವಳೂ ಸೋತಿರುತ್ತಿದ್ದಳು. ಹಾಗೆ ಬಾಗಿದಾಗ ನಿಟ್ಟುಸಿರು ಬಿಟ್ಟಿದ್ದಳೇ? ನೆನಪಿರಲಿಲ್ಲ. ತಾನು ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಏನಾಯ್ತೇ, ಮುಖ ಯಾಕೆ ಹೀಗಾಯ್ತು?" ಎಂದ ಗಂಡ.

"ಏನಿಲ್ಲ. ಕಿಟಕಿ ಏನಾದ್ರೂ ಮಾಡ್ಕೊಳ್ಳಿ."

ಮರುದಿನ ಬಸ್ಸಿನಲ್ಲಿ ಕೂತಾಗ ಅವಳಿಗೆ ಸುಲಭದ ದಾರಿಯೂ ಹೊಳೆಯಿತು. ಓರೆ ಚಿತ್ರ ಬರಲಿಲ್ಲ ಎಂದರಾಯಿತು. ಬೇರೆ ಯಾರೂ ಅದನ್ನು ತೆಗೆದು ನೋಡುವವರಿಲ್ಲ. ಲೇಖನ ಹೋಗುತ್ತದೆ, ಹುಡುಗಿಗೆ ಕೆಲಸ ಸಿಗುತ್ತದೆ. ಮುಂದೆ ಎಂದೋ, ಎಲ್ಲೋ ಬೇರೊಂದು ಪ್ರಯೋಗಾಲಯದಲ್ಲಿ ಯಾರೋ ಚುಕ್ಕೆಗಳನ್ನು ಹುಡುಕಿ, ಸಿಗದೆ, ತಮ್ಮದೇ ತಪ್ಪೆಂದುಕೊಳ್ಳುತ್ತಾರೆ. ಬಾಚಣಿಗೆ ಎತ್ತಲಾಗದವರು ಚುಕ್ಕೆಯ ಸುದ್ದಿ ಓದಿ ಔಷಧಿಗೆ ಕಾಯುತ್ತಾರೆ. ಅಲ್ಲಿಗೆ ಬಂದಾಗ ಅವಳ ಯೋಚನೆ ನಿಂತಿತು. ಧರ್ಮಸೂಕ್ಷ್ಮಕ್ಕಿಂತ ಹೆಚ್ಚಾಗಿ, ಇಷ್ಟು ದೊಡ್ಡ ಸುಳ್ಳನ್ನು ಹೊತ್ತು ತಿರುಗುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಅನ್ನಿಸಿತು.

ಬಾಯಲ್ಲಿ ಹೇಳಿದರೆ ಜಗಳವಾಗುತ್ತದೆಂದು ಅವಳು ಹೇಳಲಿಲ್ಲ. ಚುಕ್ಕಿಯನ್ನು ಯಂತ್ರದ ಮುಂದೆ ಕೂರಿಸಿ, "ನೀನೇ ಓರೆ ಮಾಡು," ಎಂದಳು.

ಚುಕ್ಕಿ ಓರೆ ಮಾಡಿದಳು. ಇನ್ನೊಂದು ಬದಿಗೆ ಮಾಡಿದಳು. ಕತ್ತಲಲ್ಲಿ ಅವಳ ಕಾಲು ಕುಣಿಯುವುದು ನಿಂತಿತು.

"ಎಲ್ಲಾ ಒಟ್ಟಿಗೇ ಹೋಗ್ತಿವೆ," ಎಂದಳು.

"ಹೂಂ."

"ಮೇಲಿವೆ."

"ಹೂಂ."

"ಇದೊಂದು ಪದರ ಕೆಟ್ಟಿರಬಹುದು. ಒಂದು ಕೆಟ್ರೆ ಎಲ್ಲಾ ಕೆಟ್ಟ ಹಾಗಾ?"

ಅಕ್ಕ ಬೆಳಿಗ್ಗೆ, ಮಧ್ಯಾಹ್ನ, ಗುಳಿಗೆ, ಉಸಿರು ಎಲ್ಲವನ್ನೂ ಹೇಳಿದಳು. ಸಮಾಧಾನದ ಮಾತು ಸೇರಿಸಲಿಲ್ಲ. ಚುಕ್ಕಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಮೊದಲ ದಿನ ನನಗೆ ಹೇಳಿದ್ದು ನೀವೇ ಅಲ್ವಾ, ಉಸಿರು ಬಿಡಬೇಡ ಅಂತ?"

"ನಾನೇ."

"ನಿಮಗೆ ಈ ವಾರವೇ ಹೊಳೀಬೇಕಿತ್ತಾ?"

"ಶುಕ್ರವಾರ ಕಳಿಸಿದ ಮೇಲೆ ಹೊಳೆದಿದ್ರೆ ಚೆನ್ನಾಗಿರ್ತಿತ್ತಾ?"

"ಹೂಂ," ಎಂದಳು ಚುಕ್ಕಿ. ಆಮೇಲೆ, "ಇಲ್ಲ," ಎಂದಳು. ಕುರ್ಚಿಯನ್ನು ಅಕ್ಕನ ಕಡೆ ತಿರುಗಿಸಿ, "ನಾನು ನಂಬಲ್ಲ. ಉಲ್ಟಾ ಮಾಡಿ ನೋಡೋಣ. ರೋಗಿಗಳದು ಬೆಳಿಗ್ಗೆ, ಆರೋಗ್ಯವಂತರದು ಮಧ್ಯಾಹ್ನ. ಮಿಕ್ಕಿದ್ದೆಲ್ಲ ಎಂದಿನ ಹಾಗೇ ಇರಬೇಕು. ಆಗ್ಲೂ ಚುಕ್ಕೆ ರೋಗಿಗಳದ್ರಲ್ಲೇ ಇದ್ರೆ?"

"ಇದ್ರೆ ನಿನ್ನ ಕಾಲಿಗೆ ಬೀಳ್ತೀನಿ."

"ಮಾಸ್ಕ್ ಹಾಕೋ ಹಾಗಿಲ್ಲ. ಗುಳಿಗೆ ಬದಲಾಯಿಸೋ ಹಾಗಿಲ್ಲ. ಊಟ, ಫೋನು, ಎಲ್ಲಾ ಆಗ್ಬೇಕು."

ಉಳಿದಿದ್ದ ಪದರಗಳನ್ನು ತೆಗೆದು, ಅಂದೇ ಶುರು ಮಾಡಿದರು. ಅಕ್ಕನ ಕೈ ತಾನಾಗಿ ಮೊದಲು ಆರೋಗ್ಯವಂತರ ಜಾಲರಿಗಳ ಕಡೆಗೇ ಹೋಯಿತು, ಆಮೇಲೆ ರೋಗಿಗಳದನ್ನು ಎತ್ತಿಕೊಂಡಿತು. ಇಷ್ಟು ವರ್ಷದ ಕ್ರಮ. ಹೊಸ ಗುಳಿಗೆಗಳು ಒಣಗಿ ಬೆಳ್ಳಗಿದ್ದವು. ಕೆಲಸ ಮುಗಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಜಾಲರಿಗಳನ್ನು ತೊಳೆದು ಒಣಗಲು ಇಟ್ಟಳು. ಇಬ್ಬರೂ ಓಣಿಯ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ಚುಕ್ಕಿ ತಿನ್ನಲಿಲ್ಲ, ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೂತಳು. ಮೊಬೈಲ್ ಬೆಂಚಿನ ಮೇಲೆ ಇಬ್ಬರ ನಡುವೆ ಇತ್ತು.

ಫೋನ್ ಬರಲಿಲ್ಲ.

"ದಿನಾ ಇಷ್ಟೊತ್ತಿಗೆ ಬರ್ತಿತ್ತಲ್ಲ?" ಎಂದಳು ಚುಕ್ಕಿ.

"ಬೇಡ ಅಂದಾಗ ಬರತ್ತೆ. ಬೇಕು ಅಂದಾಗ ಎಲ್ಲಿ ಬರತ್ತೆ?"

"ಎಂದಿನ ಹಾಗೆ ಅಂದ್ರೆ ಎಂದಿನ ಹಾಗೇ ಅಕ್ಕಾ. ನೀವೇ ಮಾಡಿ."

ಅಕ್ಕ ಮನೆಗೆ ಫೋನ್ ಮಾಡಿದಳು. ಗಂಡ ಎತ್ತಿದ.

"ಏನ್ರೀ, ಊಟ ಆಯ್ತಾ?"

"ಆಯ್ತು. ಇದೇನೇ, ಅಪರೂಪಕ್ಕೆ?"

"ಕಿಟಕಿ ಏನು ಮಾಡಿದ್ರಿ?"

"ಅರ್ಧ ತೆಗೆದಿದೀವಿ. ನಿಮ್ಮಣ್ಣ ಅಳತೆ ಮಾಡಿ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದಿದಾರೆ. ಅದರಾಚೆ ನಾನು ತಳ್ಳೋ ಹಾಗಿಲ್ಲ, ಈಚೆ ಅವರು ಎಳೆಯೋ ಹಾಗಿಲ್ಲ. ರಾಜಿಯಾಯ್ತು."

"ಹಾಗಾದ್ರೆ ಇವತ್ತು ಜಗಳ ಇಲ್ವಾ?"

"ಯಾಕೇ, ಬೇಕಿತ್ತಾ?"

"ಬೇಕಿತ್ತು."

ಗಂಡನ ದನಿ ಸಣ್ಣಗಾಯಿತು. "ಹುಷಾರಾಗಿದೀಯಾ ನೀನು? ಭಾವ, ಇಲ್ಲಿ ಬನ್ನಿ, ಇವಳು ಏನೇನೋ ಮಾತಾಡ್ತಿದಾಳೆ."

ಅಣ್ಣ ಫೋನ್ ಕಿತ್ತುಕೊಂಡ. "ಪುಟ್ಟಿ? ಏನಾಯ್ತಮ್ಮ?"

ಅಕ್ಕ ಕಣ್ಣು ಮುಚ್ಚಿಕೊಂಡಳು. "ಏನಿಲ್ಲಣ್ಣ. ಆ ಗೆರೆ ಸರಿಯಾಗಿ ಮಧ್ಯದಲ್ಲಿದೆಯಾ ಅಂತ ಕೇಳೋಣ ಅಂತ."

"ಸರಿಯಾಗಿ ಮಧ್ಯ. ನಾನೇ ಅಳೆದಿದೀನಿ."

"ಎಲ್ಲಿ ಮಧ್ಯ?" ಹಿಂದಿನಿಂದ ಗಂಡನ ದನಿ ಎದ್ದಿತು. "ಸುಮ್ನೆ ಇರೋಣ ಅಂತಿದ್ದೆ. ಎರಡು ಬೆರಳು ಇವರ ಕಡೆಗೇ ಇದೆ ಕಣೇ!"

"ಯಾರ ಬೆರಳು? ನಿಮ್ಮ ಬೆರಳಾದ್ರೆ ಅದು ಬಾಳೆಹಣ್ಣು. ಸ್ಕೇಲ್ ತನ್ನಿ ಭಾವ, ಸ್ಕೇಲ್ ತನ್ನಿ!"

"ನಿಮ್ಮ ಸ್ಕೇಲೇ ಸೊಟ್ಟಗಿದೆ!"

ಓಣಿಯಲ್ಲಿ ಚುಕ್ಕಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ನಗುನಗುತ್ತಲೇ ಅದು ಅಳುವಿನ ಕಡೆಗೆ ತಿರುಗುವಷ್ಟರಲ್ಲಿ ನಿಲ್ಲಿಸಿಕೊಂಡಳು. ಅಕ್ಕ ಇಬ್ಬರ ವಾದವನ್ನೂ ಪೂರ್ತಿ ಕೇಳಿದಳು. ಎಂದಿನಂತೆ ತೀರ್ಪು ಕೊಟ್ಟಳು. ಫೋನ್ ಓಣಿಯಲ್ಲೇ ಇಟ್ಟು ಒಳಗೆ ಬಂದು, ಮುಚ್ಚಳ ತೆಗೆದು, ಬೆವೆತ ಗುಳಿಗೆಗಳ ನಡುವಿನ ಹನಿಯ ಮೇಲೆ ಬಾಗಿದಳು. ದಣಿವನ್ನು ನಟಿಸುವ ಅಗತ್ಯ ಬೀಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಚುಕ್ಕಿಗೆ ಅವಳ ಉಸಿರು ಕೇಳಿಸಿತು, ಉದ್ದವಾಗಿ, ಮೂಗಿನಿಂದ, ನೇರ ಕೆಳಗೆ. ಅಕ್ಕನಿಗೆ ಅದು ಬಿಟ್ಟದ್ದೇ ಗೊತ್ತಾಗಲಿಲ್ಲ.

"ಬಿಟ್ರಿ," ಎಂದಳು ಚುಕ್ಕಿ ಮೆಲ್ಲಗೆ.

ಜಾಲರಿಗಳು ಒಣಗಿದ ಮೇಲೆ ಚುಕ್ಕಿಯೇ ಯಂತ್ರ ನಡೆಸಿದಳು. ಬೆಳಗಿನವು ಮೊದಲು, ಅಂದರೆ ರೋಗಿಗಳವು. ಸ್ನಾಯುವಿನ ಪಟ್ಟೆಗಳು ತೊಳೆದಿಟ್ಟಂತೆ ಚೊಕ್ಕಟವಾಗಿದ್ದವು. ಹುಡುಕಿದರೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಆಮೇಲೆ ಆರೋಗ್ಯವಂತರವು. ಪಟ್ಟೆಗಳ ಗುಂಟ ಕಪ್ಪು ಚುಕ್ಕೆಗಳು ಸಾಲಾಗಿ ಕೂತಿದ್ದವು. ಸೀಸ ಹೆಚ್ಚು ಹಿಡಿದಲ್ಲೇ ಕಣಗಳೂ ಹೆಚ್ಚು ಅಂಟಿದ್ದವು. ಲೇಖನದ ಮೊದಲ ಪುಟಕ್ಕೆ ಆರಿಸಿದ ಚಿತ್ರಕ್ಕಿಂತ ಇವೇ ಅಂದವಾಗಿದ್ದವು.

"ನೋಡಿ, ಇವರಿಗೂ ಕಾಯಿಲೆ ಬಂತು," ಎಂದಳು ಚುಕ್ಕಿ.

ಇದರಲ್ಲಿ ಸೋತ ಗುಳಿಗೆಯ ಪಾಲೆಷ್ಟು, ನಿಟ್ಟುಸಿರಿನ ಪಾಲೆಷ್ಟು ಎಂದು ತಿಳಿಯಲು ಇನ್ನಷ್ಟು ಪರೀಕ್ಷೆ ಬೇಕಿತ್ತು. ಅದನ್ನು ಮಾಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ದೀಪ ಹಾಕದೆ ಕೂತರು.

"ನಾಲ್ಕು ವರ್ಷ ಗುಡ್ಡ ಅಗೆದೆ," ಎಂದಳು ಚುಕ್ಕಿ. "ಇಲಿಯೂ ಸಿಗಲಿಲ್ಲ."

"ಕ್ಷಮಿಸು ಅಂತ ಕೇಳೋದಕ್ಕೂ ನನಗೆ ಮುಖ ಇಲ್ಲ ಕಣಮ್ಮ."

"ಕೇಳಬೇಡಿ. ಕೇಳಿದ್ರೆ ನಾನು ಆಯ್ತು ಅನ್ನಬೇಕಾಗತ್ತೆ. ಇವತ್ತು ಅನ್ನಕ್ಕಾಗಲ್ಲ."

ಅಕ್ಕ ತಲೆಯಾಡಿಸಿದಳು. ಕತ್ತಲಲ್ಲಿ ಅದು ಕಾಣುವಂತಿರಲಿಲ್ಲ.

ನಿರ್ದೇಶಕರ ಕೋಣೆಗೆ ಇಬ್ಬರೂ ಒಟ್ಟಿಗೇ ಹೋದರು. ಅವರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಅಕ್ಕ, "ಕೈ ನನ್ನದು ಸಾರ್," ಎಂದಳು. "ಕ್ರಮ ಎಲ್ಲರದು," ಎಂದಳು ಚುಕ್ಕಿ, ಅವಳ ಕಡೆ ನೋಡದೆ. ನಿರ್ದೇಶಕರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಕೊಳೆ ಅಲ್ವಷ್ಟೆ ಅಂತ ನಾನು ಕೇಳಿದ್ದೆ," ಎಂದರು. "ಕೇಳಿ, ಇಷ್ಟವಾದ ಉತ್ತರ ಸಿಕ್ಕಿದ್ದಕ್ಕೆ ಸುಮ್ಮನಾದೆ. ಲೇಖನ ನಿಲ್ಲಿಸಿ. ಎಲ್ಲದಕ್ಕೂ ಮತ್ತೆ ಬಣ್ಣ ಹಿಡಿಸಿ."

"ಮತ್ತೆ ನನ್ನ ಕೆಲಸ?" ಎಂದು ಚುಕ್ಕಿ ಕೇಳಿಯೇ ಬಿಟ್ಟಳು.

"ಆ ಮಾತು ಚುಕ್ಕೆ ನಂಬಿ ಕೊಟ್ಟಿದ್ದಮ್ಮ. ಈಗ ಅದೇ ಮಾತು ಕೊಟ್ರೆ ನಿನಗೆ ಸುಳ್ಳು ಹೇಳಿದ ಹಾಗಾಗತ್ತೆ. ನಿನ್ನ ಅವಧಿ ಮುಗಿಯೋವರೆಗೆ ಯಂತ್ರ ನಿನ್ನದು. ಏನಾದ್ರೂ ಸಿಕ್ಕರೆ ನೋಡೋಣ. ಸಿಗದಿದ್ರೆ, ಸಿಗಲಿಲ್ಲ ಅಂತ ಬರಿ."

ಶುಕ್ರವಾರ ಬಂತು, ಹೋಯಿತು. ಲೇಖನ ಹೋಗಲಿಲ್ಲ. ಚುಕ್ಕೆಗಳು ಹೋದರೂ ಹುಡುಗಿಗೆ ಚುಕ್ಕಿ ಎಂಬ ಹೆಸರು ಹಾಗೆಯೇ ಉಳಿಯಿತು. ಕ್ಯಾಂಟೀನಿನಲ್ಲಿ ಒಬ್ಬ ಅದನ್ನು ಹಿಡಿದು ಗೇಲಿ ಮಾಡಲು ಬಂದಾಗ, "ನಿನ್ನ ಸ್ಯಾಂಪಲ್ ಒಂದ್ಸಲ ಓರೆ ಮಾಡಿ ನೋಡೋಣ ಬಾ," ಎಂದಳಂತೆ. ಅವನು ಟೀ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಮುಂದಿನ ವಾರ ಚುಕ್ಕಿ ಜಾಲರಿಗಳನ್ನು ತಂದಾಗ ಅವುಗಳಲ್ಲಿ ಆರೋಗ್ಯವಂತರದು ಯಾವುದು, ರೋಗಿಗಳದು ಯಾವುದು ಎಂದು ಬರೆದಿರಲಿಲ್ಲ. ಎಲ್ಲವನ್ನೂ ಬೆರೆಸಿ, ಬರೀ ಅಂಕಿ ಕೊಟ್ಟಿದ್ದಳು. "ನೀವು ಕೇಳಬೇಡಿ, ನಾನು ಹೇ‍ಳಲ್ಲ," ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಆರಿರಲಿಲ್ಲ. ಆದರೆ ಗುಳಿಗೆಯ ಡಬ್ಬಿಯನ್ನು ಅವಳೇ ತಂದಿದ್ದಳು. ತಟ್ಟೆ ತೆಗೆದಾಗಲೆಲ್ಲ ಹಳೆಯದನ್ನು ಚಿಮಟದಿಂದ ಎತ್ತಿ ಹೊಸದನ್ನು ಇಡುತ್ತಿದ್ದಳು. ಅಕ್ಕನಿಗೆ ಮಾಸ್ಕ್ ಕೊಟ್ಟು, ಅದರ ದಾರವನ್ನೂ ಹಿಂದಿನಿಂದ ಬಿಗಿಯಾಗಿ ತಾನೇ ಕಟ್ಟಿದಳು. ಸ್ವಲ್ಪ ಹೆಚ್ಚೇ ಬಿಗಿಯಾಗಿತ್ತು. ಅಕ್ಕ ಅದನ್ನು ಸಡಿಲಿಸದೆ ತಟ್ಟೆಯ ಮೇಲೆ ಬಾಗಿದಳು.

ತನ್ನ ಕೈಯಲ್ಲಿರುವುದು ಯಾರ ಸ್ನಾಯು ಎಂದು ತಿಳಿಯದೆ ಕೆಲಸ ಮಾಡುವುದು ಅವಳಿಗೆ ಹೊಸದು. ಮೆಟ್ಟಿಲು ಓಡಿ ಹತ್ತುವವರದೋ, ಮೆಟ್ಟಿಲಲ್ಲೇ ಕೂತವರದೋ. ಹನಿಯ ಮೇಲೆ ತೇಲುವಾಗ ಎಲ್ಲವೂ ಒಂದೇ.

ಅಷ್ಟರಲ್ಲಿ ಓಣಿಯಲ್ಲಿ ಫೋನ್ ಬಡಿದುಕೊಂಡಿತು. ಒಮ್ಮೆ ನಿಂತು, ಮತ್ತೆ ಶುರುವಾಯಿತು. ಗೆರೆ ಅಳಿಸಿಹೋಗಿರಬೇಕು.

"ನಿಮ್ಮ ಕೋರ್ಟು," ಎಂದಳು ಚುಕ್ಕಿ.

ಅಕ್ಕ ಕೈಯಲ್ಲಿದ್ದ ಜಾಲರಿಯನ್ನು ಇಳಿಸಿದಳು. ಮುಚ್ಚಳ ಹಾಕಿದಳು. ಎದ್ದು, ಕೋಣೆ ದಾಟಿ, ಬಾಗಿಲು ತೆರೆದು ಹೊರಗೆ ಹೋಗಿ, ಅದು ಪೂರ್ತಿ ಮುಚ್ಚಿಕೊಂಡಿತೇ ಎಂದು ಹಿಡಿ ಎಳೆದು ನೋಡಿದಳು. ಆಮೇಲೆ ಮಾಸ್ಕ್ ಕೆಳಗೆ ಸರಿಸಿ, ಗೋಡೆಗೊರಗಿ, ಅಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದನ್ನು ಬಿಟ್ಟಳು.